ಚೂರಿನ ಜಾಗ

ಎಂಜಿನ್ನಿನ ಒಳಗೆ ಗುರುತು ಹತ್ತದ ಕಬ್ಬಿಣದ ಚೂರೊಂದು ಸಿಕ್ಕಾಗ, ಸುತ್ತ ನಿಂತವರ ಬಾಯಿಂದ ಮೊದಲು ಬರಬೇಕಾದ ಪ್ರಶ್ನೆ ‘ಇದೇನು?’ ಎಂಬುದು. ಆದರೆ ಬರುವುದು ‘ಇದು ಯಾರ ಕೆಲಸ?’ ಎಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ಕೈ ಮಸಿಯಾಗಬೇಕು, ಹೊತ್ತು ಹೋಗಬೇಕು. ಎರಡನೆಯದಕ್ಕೆ ಏನೂ ಬೇಕಿಲ್ಲ. ಕೊನೆಯದಾಗಿ ಬಾನೆಟ್ ಎತ್ತಿದವನ ಹೆಸರು ನೆನಪಿದ್ದರೆ ಸಾಕು. ತೀರ್ಥಹಳ್ಳಿಯ ಒಂದು ಗ್ಯಾರೇಜಿನಲ್ಲಿ ಈ ಎರಡು ಪ್ರಶ್ನೆಗಳು ಎದುರುಬದುರಾದದ್ದನ್ನು ಕಂಡ ಮೇಲೆ, ನಮ್ಮ ಮನೆಗಳಲ್ಲೂ ಕಚೇರಿಗಳಲ್ಲೂ ನಡೆಯುವ ಎಷ್ಟೋ ಅನ್ಯಾಯಗಳು ಇದೇ ಅದಲುಬದಲಿನಿಂದ ಹುಟ್ಟುತ್ತವೆ ಎಂದು ನನಗೆ ಬಲವಾಗಿ ಅನ್ನಿಸಿದೆ.

ಕಾರು ನನ್ನ ಭಾವನವರದು. ಸರಿಯಾಗಿ ಹೇಳಬೇಕೆಂದರೆ ಅವರ ತಂದೆಯದು. ಬಿಳಿ ಅಂಬಾಸಡರ್. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್‌ನವರು 2014ರವರೆಗೂ ತಯಾರಿಸಿದ ಈ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಭಾವನವರ ಗಾಡಿಯಲ್ಲಿರುವುದು ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್, ಬಿಎಂಸಿಯವರ ಬಿ-ಸೀರೀಸ್. ಇದರಲ್ಲಿ ಕ್ಯಾಮ್‌ಶಾಫ್ಟು ಕೆಳಗೆ ಬ್ಲಾಕಿನಲ್ಲಿದೆ, ವಾಲ್ವುಗಳು ಮೇಲೆ ಹೆಡ್ಡಿನಲ್ಲಿವೆ. ನಡುವೆ ಉದ್ದನೆಯ ಪುಶ್‌ರಾಡುಗಳು. ಕ್ಯಾಮು ರಾಡನ್ನು ಮೇಲಕ್ಕೆ ತಳ್ಳುತ್ತದೆ, ರಾಡು ರಾಕರನ್ನು ತಳ್ಳುತ್ತದೆ, ರಾಕರು ವಾಲ್ವನ್ನು ಕೆಳಕ್ಕೊತ್ತಿ ತೆರೆಯುತ್ತದೆ. ತೆರೆದ ವಾಲ್ವನ್ನು ಮುಚ್ಚುವ ಕೆಲಸ ಮಾತ್ರ ಸ್ಪ್ರಿಂಗಿನದು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿ ವಾಲ್ವಿನ ಸ್ಪ್ರಿಂಗು ನಿಮಿಷಕ್ಕೆ 1500 ಸಲ ಕುಗ್ಗಿ ಹಿಗ್ಗಬೇಕು. ಗಂಟೆಗೆ 90,000 ಸಲ. ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಮೇಲಿನ ಕವರು ತೆಗೆದರೂ ನಮ್ಮ ಕಣ್ಣು ಹೋಗುವುದು ಟಪಟಪ ಕುಣಿಯುವ ರಾಕರುಗಳ ಮೇಲೆಯೇ.

ಗಾಡಿಗೆ ಇದ್ದ ತೊಂದರೆ ವಿಚಿತ್ರವಾಗಿತ್ತು. ಊರೊಳಗೆ ಓಡಾಡುವಾಗ ಏನೂ ಇಲ್ಲ. ಉಡುಪಿ ಕಡೆ ಹೋಗಿ ವಾಪಸು ಬರುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿ ಎರಡನೇ ಗೇರಿನಲ್ಲಿ ಎಂಜಿನ್ನನ್ನು ಎಳೆದರೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಕಾಲು ಸ್ವಲ್ಪ ತೆಗೆದರೆ ಸರಿಯಾಗುತ್ತಿತ್ತು. ಭಾವ ಪ್ಲಗ್ಗು ಬದಲಾಯಿಸಿದರು. ಸಿ.ಬಿ. ಪಾಯಿಂಟು, ಕಂಡೆನ್ಸರು, ಕಾಯಿಲು ಬದಲಾದವು. ಕಾರ್ಬುರೇಟರು ಬಿಚ್ಚಿ ತೊಳೆದು ಕೂರಿಸಿದ್ದಾಯಿತು. ಎಥನಾಲ್ ಬೆರೆಸಿದ ಪೆಟ್ರೋಲಿನ ಮೇಲೂ ಸಂಶಯ ಹೋಯಿತು. ಹಿಂದಿನ ವರ್ಷ ಪೇಟೆಯ ಬೇರೊಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಮೇಲಿನ ಕವರಿನ ಪ್ಯಾಕಿಂಗ್ ಬದಲಿಸಿ ಟ್ಯಾಪೆಟ್ ಹೊಂದಿಸಿ ಕೊಟ್ಟಿದ್ದ. ಅವನ ಕೈ ತಾಗಿದ ಮೇಲೇ ಗಾಡಿ ಹೀಗಾಯಿತು ಎಂಬ ಮಾತು ಮನೆಯಲ್ಲಿ ಆಗಲೇ ಹುಟ್ಟಿತ್ತು.

ಕೊನೆಗೆ ಗಾಡಿ ಹಳೆಯ ಮೇಸ್ತ್ರಿಯ ಕೈಗೆ ಹೋದದ್ದು ಈ ಮಿಸ್ಸಿಂಗಿಗಾಗಿ ಅಲ್ಲ, ಆಯಿಲ್ ಸೋರುತ್ತಿದ್ದುದಕ್ಕೆ. ಈ ಎಂಜಿನ್ನಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ ಅಡಿಗೆ, ಟ್ಯಾಪೆಟ್ಟುಗಳ ಗೂಡನ್ನು ಮುಚ್ಚುವ ತಗಡಿನ ಕವರುಗಳಿವೆ. ಅವುಗಳ ಪ್ಯಾಕಿಂಗು ಒಣಗಿದರೆ ಆಯಿಲು ಜಿನುಗಿ ಬ್ಲಾಕಿನ ಮೇಲೆಲ್ಲ ಹರಡುತ್ತದೆ. ಮೇಸ್ತ್ರಿ ಕಾರ್ಬುರೇಟರು, ಮ್ಯಾನಿಫೋಲ್ಡು ಕಳಚಿ ಮುಂದಿನ ಕವರು ತೆಗೆದರು. ಒಳಗಿನ ಕಪ್ಪು ಕೆಸರಿನಲ್ಲಿ ಬೆರಳಾಡಿಸಿದಾಗ ಏನೋ ಗಟ್ಟಿಯಾದದ್ದು ತಾಗಿತು. ಬಟ್ಟೆಯಲ್ಲಿ ಒರೆಸಿ ಅಂಗೈಯಲ್ಲಿಟ್ಟು ತೋರಿಸಿದರು. ಕಿರುಬೆರಳಿನ ಉಗುರಿಗಿಂತ ತುಸು ಉದ್ದ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ತುಂಡು.

ಭಾವನವರಿಗೆ ಅದು ಏನೆಂದು ತಕ್ಷಣ ಗೊತ್ತಾಯಿತು. “ಸ್ಪ್ರಿಂಗ್ ವಾಶರ್! ಅರ್ಧ ಮುರಿದಿದೆ. ಆ ಹುಡುಗ ಮೇಲೆ ಕವರ್ ಬಿಚ್ಚಿದಾಗ ಒಳಗೆ ಬೀಳ್ಸಿದಾನೆ, ಹೇಳದೆ ಮುಚ್ಚಿ ಕೊಟ್ಟಿದಾನೆ.”

ಮೇಸ್ತ್ರಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. “ಇರಿ ಭಟ್ರೇ. ಚೂರು ಸಿಕ್ಕಿತು, ಅಷ್ಟೇ. ಇದ್ರ ಜಾಗ ಸಿಗ್ಲಿ. ಆಮೇಲೆ ಹೆಸರಿಡುವ.”

ಕತ್ತಲಾಗುತ್ತಿತ್ತು. ನಾಳೆ ಬೆಳಿಗ್ಗೆ ನೋಡುತ್ತೇನೆ ಎಂದು ಅವರು ಚೂರನ್ನು ಬೆಂಕಿಪೊಟ್ಟಣದೊಳಗೆ ಹಾಕಿಟ್ಟರು. ಭಾವನವರಿಗೆ ನಾಳೆಯವರೆಗೆ ತಡೆಯಲಾಗಲಿಲ್ಲ. ದಾರಿಯಲ್ಲಿ ಹೋಟೆಲಿನಲ್ಲಿ ಸಿಕ್ಕ ಇಬ್ಬರು ಮೂವರಿಗೆ ಹೇಳಿದರು. ರಾತ್ರಿ ಊಟವಾದ ಮೇಲೆ ಆ ಹುಡುಗ ಕೆಲಸಕ್ಕಿದ್ದ ಗ್ಯಾರೇಜಿನ ಯಜಮಾನರಿಗೆ ಫೋನು ಮಾಡಿ ಸಿಟ್ಟು ತೀರಿಸಿಕೊಂಡರು. ಅವರು ಕೆಟ್ಟವರಲ್ಲ, ಸಾಲ ಕೇಳಿದವರಿಗೆ ಇಲ್ಲವೆಂದವರಲ್ಲ. ತಂದೆಯ ಗಾಡಿಯನ್ನು ಯಾರೋ ಹಾಳು ಮಾಡಿದರಲ್ಲ ಎಂಬ ಸಂಕಟ ಅವರದು, ಆ ಸಂಕಟಕ್ಕೆ ಕೂಡಲೇ ಒಂದು ಮುಖ ಬೇಕಾಗಿತ್ತು.

ಮರುದಿನ ಮೇಸ್ತ್ರಿ ಆ ಚೂರನ್ನು ನೋಡಿದ ರೀತಿಯನ್ನು ವಿವರವಾಗಿ ಬರೆಯಬೇಕು. ನ್ಯಾಯ ಎಂದರೆ ಹೀಗಿರಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲಿ.

ಮೊದಲು ಡೀಸೆಲಿನಲ್ಲಿ ತೊಳೆದು, ಹಳೆಯ ಸ್ಪೀಕರಿನಿಂದ ಕಿತ್ತಿಟ್ಟುಕೊಂಡಿದ್ದ ಮ್ಯಾಗ್ನೆಟ್ಟಿನ ಹತ್ತಿರ ಹಿಡಿದರು. ಟಕ್ಕೆಂದು ಅಂಟಿತು. ಪಿಸ್ಟನ್ನಿನ ಚೂರಾಗಿದ್ದರೆ ಅಲ್ಯೂಮಿನಿಯಮ್, ಅಂಟುತ್ತಿರಲಿಲ್ಲ. ಬುಶ್ಶಿನ ತುಂಡೂ ಅಂಟುವುದಿಲ್ಲ. ಎರಡು ಸಂಶಯ ಅಲ್ಲಿಗೆ ಬಿಟ್ಟುಹೋಯಿತು. ಆಮೇಲೆ ಅರ ತೆಗೆದು ಮೆಲ್ಲಗೆ ಉಜ್ಜಿದರು. ಅರ ಹಿಡಿಯದೆ ಜಾರಿತು. ಗಟ್ಟಿ ಉಕ್ಕು. ಪಿಸ್ಟನ್ ರಿಂಗು ಬೀಡುಕಬ್ಬಿಣದ್ದು, ಅರಕ್ಕೆ ಇಷ್ಟು ಬಿಗಿಯಾಗಿ ಎದುರು ನಿಲ್ಲುವುದಿಲ್ಲ. ಜೊತೆಗೆ ಅದರ ಬಾಗು ದೊಡ್ಡ ವೃತ್ತದ್ದು, ಈ ಚೂರಿನದು ಚಿಕ್ಕದು. ಎಷ್ಟು ಚಿಕ್ಕದು? ಚೂರನ್ನು ಒಂದು ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಅದರ ಹೊರಬದಿಯ ಗೆರೆ ಎಳೆದರು. ಗೆರೆಯ ತುದಿಗೆ ಚೂರನ್ನು ಸರಿಸಿ ಮತ್ತೆ ಎಳೆದರು. ಹೀಗೆ ಸರಿಸುತ್ತ ಎಳೆಯುತ್ತ ಹೋದಂತೆ ಗೆರೆ ತಾನಾಗಿ ಸುತ್ತಿ ಬಂದು ತನ್ನ ಬಾಲವನ್ನು ತಾನೇ ಮುಟ್ಟಿತು. ಆ ಚೂರು ಮುರಿಯುವ ಮೊದಲು ಯಾವ ಗಾತ್ರದ ಬಳೆಯಾಗಿತ್ತೋ ಆ ಬಳೆ ರಟ್ಟಿನ ಮೇಲೆ ಪೂರ್ತಿಯಾಗಿ ಕಾಣಿಸಿತು.

ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಇರಬಹುದೇ ಎಂದು ಪಕ್ಕದಲ್ಲಿ ನಿಂತಿದ್ದ ಯಾರೋ ಕೇಳಿದರು. ಮೇಸ್ತ್ರಿ ತಲೆಯಾಡಿಸಿದರು. ಈ ಎಂಜಿನ್ನಿನಲ್ಲಿ ಆ ಪಿನ್ನನ್ನು ಕನೆಕ್ಟಿಂಗ್ ರಾಡಿನ ಕಿವಿಯೇ ಬೋಲ್ಟಿನಿಂದ ಬಿಗಿಹಿಡಿದಿರುತ್ತದೆ, ಅಲ್ಲಿ ಸರ್ಕ್ಲಿಪ್ಪೇ ಇಲ್ಲ. ಇಲ್ಲದ ಭಾಗ ಮುರಿಯುವುದಾದರೂ ಹೇಗೆ? ಎಂಜಿನ್ನಿನಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಗೊತ್ತಿರಬೇಕು ಎಂಬುದು ನನಗೆ ಆಗ ಹೊಳೆಯಿತು.

ಉಳಿದದ್ದು ವಾಶರು. ಮೇಸ್ತ್ರಿ ಡಬ್ಬಿಯಿಂದ ಅದೇ ಗಾತ್ರದ ಸ್ಪ್ರಿಂಗ್ ವಾಶರನ್ನು ಹುಡುಕಿ ತೆಗೆದು ರಟ್ಟಿನ ಮೇಲಿನ ವೃತ್ತದ ಮೇಲಿಟ್ಟರು. ಹೆಚ್ಚುಕಡಿಮೆ ಕೂತಿತು. ಭಾವ ನನ್ನ ಮುಖ ನೋಡಿದರು. ಆದರೆ ಮೇಸ್ತ್ರಿ ಅಲ್ಲಿಗೆ ನಿಲ್ಲಿಸಲಿಲ್ಲ. ವಾಶರನ್ನೂ ಚೂರನ್ನೂ ಭಾವನವರ ಕೈಗೇ ಕೊಟ್ಟು, “ಕಣ್ಣಲ್ಲಿ ನೋಡ್ಬೇಡಿ, ಹೆಬ್ಬೆರಳಲ್ಲಿ ಸವರಿ ನೋಡಿ” ಎಂದರು. ವಾಶರಿಗೆ ಎಲ್ಲ ಕಡೆಯೂ ಅಂಚುಗಳಿದ್ದವು; ಅದನ್ನು ಚಪ್ಪಟೆ ಪಟ್ಟಿಯಿಂದ ಸುತ್ತಿರುತ್ತಾರೆ. ಚೂರಿನ ಬೆನ್ನು ದುಂಡಗಿತ್ತು, ತಂತಿಯ ಹಾಗೆ. ಒಂದು ಬದಿ ಮಾತ್ರ ಚಪ್ಪಟೆ, ಸಾಣೆ ಹಿಡಿದಷ್ಟು ನುಣುಪು. ಆ ಚಪ್ಪಟೆ ಒಂದು ತುದಿಯತ್ತ ಹೋಗುತ್ತ ತೆಳ್ಳಗಾಗಿ ನಾಲಗೆಯ ತುದಿಯಷ್ಟಾಗಿತ್ತು. ಇನ್ನೊಂದು ತುದಿ ಒರಟಾಗಿ ಮುರಿದಿತ್ತು.

ದುಂಡು ತಂತಿಯನ್ನು ಒಂದೇ ಬದಿ ಸಾಣೆ ಹಿಡಿದು ಚಪ್ಪಟೆ ಮಾಡುವುದು ಎಲ್ಲಿ? ಸ್ಪ್ರಿಂಗು ನೆಟ್ಟಗೆ ಕೂರಬೇಕಾದ ಕಡೆ, ಅದರ ಕೊನೆಯ ಸುತ್ತಿನಲ್ಲಿ. ಮೇಸ್ತ್ರಿ ಮಾತಾಡದೆ ಮೇಲಿನ ಕವರು ಬಿಚ್ಚಿದರು. ಬ್ರಶ್ಶು ಅದ್ದಿ ಅದ್ದಿ ವಾಲ್ವುಗಳ ಬುಡದ ಕೆಸರು ತೊಳೆದರು. ಟಾರ್ಚು ಹಿಡಿದು ಒಂದೊಂದೇ ಸ್ಪ್ರಿಂಗಿನ ಕೆಳಸುತ್ತನ್ನು ನೋಡುತ್ತ ಬಂದು, ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಹತ್ತಿರ ನಿಂತರು. ಅದು ಕೂದಲೆಳೆಯಷ್ಟು ವಾಲಿತ್ತು. ಕೆಳಗಿನ ಸುತ್ತು ಅರ್ಧದಲ್ಲೇ ಮುಗಿದುಹೋಗಿತ್ತು. ಮುರಿದ ತುಂಡು ಪುಶ್‌ರಾಡಿನ ತೂತಿನಿಂದ ಆಯಿಲಿನ ಜೊತೆ ಜಾರಿ ಕೆಳಗಿನ ಗೂಡಿಗೆ ಬಿದ್ದಿತ್ತು. ಉಳಿದ ಸ್ಪ್ರಿಂಗು ತನ್ನ ಜಾಗ ಬಿಡದೆ ಕೆಲಸ ಮಾಡುತ್ತಲೇ ಇತ್ತು. ಬಲ ಕಡಿಮೆಯಾಗಿದ್ದರಿಂದ, ಎಂಜಿನ್ನು ಜೋರಾಗಿ ತಿರುಗಿದಾಗ ಮಾತ್ರ ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿರಲಿಲ್ಲ. ಘಾಟಿಯ ಮಿಸ್ಸಿಂಗು ಅದೇ.

ಹೆಡ್ಡು ಇಳಿಸದೆ ಸ್ಪ್ರಿಂಗ್ ತೆಗೆಯಲು ಅವರು ಮಾಡಿದ ಉಪಾಯ ಚೆಂದವಾಗಿತ್ತು. ವಾಲ್ವಿಗೆ ಹಿಡಿತ ತಪ್ಪಿದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಅದಕ್ಕೆ ಪ್ಲಗ್ಗಿನ ತೂತಿನಿಂದ ಮೆತ್ತಗಿನ ನೈಲಾನ್ ಹಗ್ಗ ತುರುಕಿ, ಮುಂದೆ ಹ್ಯಾಂಡಲು ಹಾಕಿ ಎಂಜಿನ್ನನ್ನು ನಿಧಾನ ತಿರುಗಿಸಿದರು. ಪಿಸ್ಟನ್ನು ಮೇಲೆ ಬಂದು ಹಗ್ಗವನ್ನು ವಾಲ್ವಿನ ತಳಕ್ಕೆ ಒತ್ತಿ ನಿಲ್ಲಿಸಿತು. ಆಮೇಲೆ ಸ್ಪ್ರಿಂಗನ್ನು ಒತ್ತಿ, ಲಾಕು ಬಿಡಿಸಿ, ಹೊರತೆಗೆದರು. ಬೆಂಕಿಪೊಟ್ಟಣದ ಚೂರನ್ನು ಅದರ ತುದಿಗೆ ಹಿಡಿದಾಗ ಮುರಿದ ಮುಖಕ್ಕೆ ಮುರಿದ ಮುಖ ಕೂತಿತು. ಒಂದು ಗೆರೆಯಷ್ಟೂ ಸಂದು ಉಳಿಯಲಿಲ್ಲ.

ಚೂರನ್ನು ವಾಶರೆಂದು ಒಪ್ಪಿಕೊಂಡಿದ್ದರೆ ಮುಂದೇನಾಗುತ್ತಿತ್ತು? ಅದನ್ನು ಎಸೆದು, ಕವರು ಮುಚ್ಚಿ, ಹುಡುಗನನ್ನು ಬೈದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಮುರಿದ ಸ್ಪ್ರಿಂಗು ಒಳಗೇ ಇರುತ್ತಿತ್ತು. ಇನ್ನೊಂದು ಘಾಟಿಯಲ್ಲೋ ಹತ್ತನೆಯದರಲ್ಲೋ ವಾಲ್ವಿನ ಲಾಕು ಕಳಚಿ, ವಾಲ್ವು ಪಿಸ್ಟನ್ನಿನ ಮೇಲೆ ಬಿದ್ದು ಎಂಜಿನ್ನು ಒಡೆದುಹೋಗುವ ಸಾಧ್ಯತೆ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ಆಡುತ್ತೇವೆ. ಅಲ್ಲಿ ಎಮ್ಮೆಗಾಗುವ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಬರೆ ಹಾಕಿ ಮುಗಿಸಿದ ಸಮಾಧಾನದಲ್ಲಿ ಎತ್ತಿನ ಜ್ವರ ಮರೆತೇಹೋಗುವುದು ಕಾಣುವುದಿಲ್ಲ. ತಪ್ಪು ಆಪಾದನೆಯ ನಿಜವಾದ ಕೇಡು ಅಲ್ಲಿದೆ: ಹೆಸರೊಂದು ಸಿಕ್ಕ ಕೂಡಲೇ ಹುಡುಕಾಟ ನಿಂತುಹೋಗುತ್ತದೆ.

ಇದು ಒಂದು ಹಳ್ಳಿಯ ಕಾರಿನ ಮಾತು ಮಾತ್ರವಲ್ಲ. 1954ರ ಜನವರಿ 10ರಂದು ರೋಮ್‌ನಿಂದ ಲಂಡನ್ನಿಗೆ ಹೊರಟ ಕಾಮೆಟ್ ಜೆಟ್ ವಿಮಾನ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಛಿದ್ರವಾಗಿ ಸಮುದ್ರಕ್ಕೆ ಬಿತ್ತು. 35 ಜನ ಸತ್ತರು. ಕಾಮೆಟ್ ಹಾರಾಟ ನಿಲ್ಲಿಸಿದರು. ಕಾರಣ ಗೊತ್ತಾಗಲಿಲ್ಲ. ಬೆಂಕಿ ಇರಬಹುದು, ಎಂಜಿನ್ನಿನ ಚಕ್ರ ಒಡೆದಿರಬಹುದು ಎಂದೆಲ್ಲ ಊಹಿಸಿ, ಊಹಿಸಿದ ಪ್ರತಿಯೊಂದಕ್ಕೂ ಪರಿಹಾರವೆಂದು ಹತ್ತಾರು ಮಾರ್ಪಾಡು ಮಾಡಿ, ಮಾರ್ಚ್ 23ರಿಂದ ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ರೋಮ್‌ನಿಂದ ಕೈರೋಗೆ ಹೊರಟ ಇನ್ನೊಂದು ಕಾಮೆಟ್ ನೇಪಲ್ಸ್ ಹತ್ತಿರ ಅದೇ ರೀತಿ ಬಿತ್ತು. ಇನ್ನೂ 21 ಜನ. ಆ ಮಾರ್ಪಾಡು ಮಾಡಿದವರು ಸೋಮಾರಿಗಳಲ್ಲ, ಹಗಲೂ ರಾತ್ರಿ ದುಡಿದವರು. ಆದರೆ ಅವರು ಸರಿಪಡಿಸಿದ್ದು ತಮ್ಮ ಭಯಗಳನ್ನು. ಬಿರುಕು ಇದ್ದಲ್ಲೇ ಇತ್ತು.

ಆಮೇಲೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ, ಆರ್ನಾಲ್ಡ್ ಹಾಲ್ ಅವರ ನೇತೃತ್ವದಲ್ಲಿ, ನಮ್ಮ ಮೇಸ್ತ್ರಿಯ ಕೆಲಸವೇ ದೊಡ್ಡ ಮಟ್ಟದಲ್ಲಿ ನಡೆಯಿತು. ನೌಕಾಪಡೆ ಸಮುದ್ರದ ತಳದಿಂದ ಎತ್ತಿ ತಂದ ಚೂರುಗಳನ್ನು ವಿಮಾನದ ಆಕಾರದ ಚೌಕಟ್ಟಿನ ಮೇಲೆ ಅವವುಗಳ ಜಾಗದಲ್ಲಿ ಜೋಡಿಸಿದರು. ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡ ಏರಿಸಿ ಇಳಿಸಿ, ಹಾರಾಟದ ಮೇಲೆ ಹಾರಾಟದ ಲೆಕ್ಕ ಹಾಕಿದರು. ಕೊನೆಗೆ ಅದು ಕಿಟಕಿಯೊಂದರ ಮೂಲೆಯಿಂದ ಸೀಳಿತು. ಸಮುದ್ರದಿಂದ ಬಂದ ಚೂರುಗಳಲ್ಲೂ ಬಿರುಕು ಶುರುವಾದ ಜಾಗ ಸಿಕ್ಕಿತು: ಮಾಡಿನ ಮೇಲೆ, ಏರಿಯಲ್ಲಿಗೆಂದು ಕೊರೆದ ಕಿಂಡಿಯ ಮೂಲೆ. ಪ್ರತಿ ಹಾರಾಟದಲ್ಲೂ ಸ್ವಲ್ಪ ಸ್ವಲ್ಪವೇ ಬೆಳೆದ ಬಿರುಕು ಅದು. ವಿಮಾನ ಒಡೆದ ದಿನ ಅದಕ್ಕೆ ವಿಶೇಷವಾದದ್ದೇನೂ ಆಗಿರಲಿಲ್ಲ.

ಮೇಸ್ತ್ರಿ ನಮಗೆ ಸ್ಪ್ರಿಂಗಿನ ಮುರಿದ ಮುಖ ತೋರಿಸಿದಾಗ ಇದೇ ಕಥೆ ಅಲ್ಲಿ ಬರೆದಿತ್ತು. ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದೆ. ತಂತಿಯ ಹೊರಬದಿಯಲ್ಲಿ ತುಕ್ಕು ತಿಂದ ಒಂದು ಚಿಕ್ಕ ಗುಳಿ. ಗುಳಿಯಿಂದ ಒಳಕ್ಕೆ ಉಗುರಿನ ಆಕಾರದಲ್ಲಿ ಹಬ್ಬಿದ ನುಣುಪಾದ ಕಪ್ಪು ಜಾಗ; ಆಯಿಲು ಎಷ್ಟೋ ಕಾಲದಿಂದ ಒಳಹೊಕ್ಕು ಕಲೆ ಕಟ್ಟಿದ ಬಣ್ಣ. ಅದರಾಚೆ ಉಳಿದಷ್ಟು ಭಾಗ ಮಾತ್ರ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಮಿನುಗುವುದು ಕೊನೆಗೆ ಫಕ್ಕನೆ ಮುರಿದ ಭಾಗ. ಕಪ್ಪಾದದ್ದು ಅದಕ್ಕೂ ಮೊದಲು, ಗಾಡಿ ಚೆನ್ನಾಗಿಯೇ ಓಡುತ್ತಿದ್ದಾಗ, ಯಾರಿಗೂ ತಿಳಿಯದೆ ಬಿರಿಯುತ್ತ ಬಂದ ಭಾಗ.

ಆ ಹರಳಿನ ಮಿನುಗು ಹಿಂದೆ ದೊಡ್ಡ ದೊಡ್ಡವರ ದಾರಿಯನ್ನೂ ತಪ್ಪಿಸಿತ್ತು. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಹಿಂದಿನ ಡಬ್ಬಿಗಳು ಮೇಲೇರಿ ಬೆಂಕಿ ಹತ್ತಿತು. ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ ಐವತ್ತಕ್ಕೂ ಹೆಚ್ಚು ಜನ ಒಳಗೇ ಬೆಂದರು. ಹೀಗೆ ಮುರಿದ ಅಚ್ಚುಗಳ ಮುಖದಲ್ಲಿ ಹರಳು ಕಂಡವರು, ಅಲುಗಾಟದಿಂದ ಕಬ್ಬಿಣದ ಗುಣವೇ ಬದಲಾಗಿ ಹರಳುಗಟ್ಟುತ್ತದೆ ಎಂದು ನಂಬಿದ್ದರು. ಮರುವರ್ಷ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರು, ಇಪ್ಪತ್ತೆರಡರ ವಯಸ್ಸು, ಮುರಿದ ಅಚ್ಚುಗಳನ್ನು ಪರೀಕ್ಷಿಸಿ ಬೇರೆಯದನ್ನು ಹೇಳಿದ: ಅಚ್ಚಿನ ದಪ್ಪ ತಟ್ಟನೆ ಬದಲಾಗುವ ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ, ಸುತ್ತಲಿಂದ ಒಳಕ್ಕೆ ಸರಿಯುತ್ತದೆ, ನಡುವೆ ಉಳಿದ ಗಟ್ಟಿ ಕಬ್ಬಿಣ ಕಡಿಮೆಯಾಗುತ್ತ ಬಂದು ಒಂದು ದಿನ ಭಾರ ತಾಳದೆ ಮುರಿಯುತ್ತದೆ. ಜರ್ಮನಿಯ ಔಗುಸ್ಟ್ ವೋಲರ್ ಮುಂದೆ ವರ್ಷಗಟ್ಟಲೆ ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ, ಒಂದೇ ಸಲಕ್ಕೆ ಏನೂ ಮಾಡಲಾಗದ ಹಗುರ ಭಾರ ಕೂಡ ಲಕ್ಷಗಟ್ಟಲೆ ಸಲ ಬಂದರೆ ಉಕ್ಕನ್ನು ಮುರಿಯಬಲ್ಲದು ಎಂದು ತೋರಿಸಿದ. ಲೋಹದ ದಣಿವು ಎಂದು ಎಂಜಿನಿಯರುಗಳು ಅದನ್ನು ಕರೆಯುತ್ತಾರೆ.

ಹಾಗಾದರೆ ಭಾವನವರ ಸ್ಪ್ರಿಂಗಿನ ಗುಳಿ ಎಲ್ಲಿಂದ ಬಂತು? ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ನಿಂತಿತ್ತಾ?”

ನಿಂತಿತ್ತು. ಭಾವನವರ ತಂದೆ ತೀರಿಕೊಂಡ ಮೇಲೆ ವರ್ಷಗಟ್ಟಲೆ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿತ್ತು. ಮಾರಲು ಯಾರಿಗೂ ಮನಸ್ಸಿರಲಿಲ್ಲ, ಓಡಿಸಲು ಯಾರಿಗೂ ಆಸಕ್ತಿ ಇರಲಿಲ್ಲ. ಆಗುಂಬೆ ಸೀಮೆ ಅದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲದಲ್ಲಿ ಮನೆಯೊಳಗಿನ ಬಟ್ಟೆಗೂ ಬೂಸಲು ಹಿಡಿಯುವ ಕಡೆ, ನಿಂತ ಎಂಜಿನ್ನಿನ ಒಳಗೆ ಆಯಿಲಿನ ಪೊರೆ ಇಳಿದುಹೋಗಿ ತೇವ ಬೆವರುಗಟ್ಟಿತ್ತು. ಜೊತೆಗೆ ಎಂಜಿನ್ನು ನಿಂತ ಭಂಗಿಯಲ್ಲಿ ಕೆಲವು ವಾಲ್ವುಗಳು ತೆರೆದೇ ಇರುತ್ತವೆ, ಅವುಗಳ ಸ್ಪ್ರಿಂಗು ಅಷ್ಟೂ ಕಾಲ ಕುಗ್ಗಿಯೇ ಇರಬೇಕು. ಸೂಜಿಮೊನೆಯಷ್ಟು ತುಕ್ಕು ಹುಟ್ಟಿದ್ದು ಆಗ. ಆಮೇಲೆ ಗಾಡಿ ಹೊರಗೆ ಬಂತು, ಪಾಲಿಶ್ ಆಯಿತು, ಮದುವೆ ದಿಬ್ಬಣಕ್ಕೂ ಹೋಯಿತು. ಗುಳಿ ಮಾತ್ರ ಗಂಟೆಗೆ ತೊಂಬತ್ತು ಸಾವಿರದ ಲೆಕ್ಕದಲ್ಲಿ ತನ್ನ ಕೆಲಸ ಮುಂದುವರಿಸಿತು.

ಆ ಹುಡುಗ ಕವರು ಬಿಚ್ಚುವ ಹೊತ್ತಿಗೆ ಬಿರುಕು ಅರ್ಧ ದಾರಿ ಸಾಗಿರಬೇಕು. ಅವನು ಮಾಡಿದ ತಪ್ಪೆಂದರೆ ಆ ಸಮಯದಲ್ಲಿ ಅಲ್ಲಿದ್ದದ್ದು.

ಕೊನೆಗೆ ಕೈ ಇಟ್ಟವನ ತಲೆಗೆ ಕಟ್ಟುವ ಈ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂದು ಯೋಚಿಸಿದರೆ ಬೇಸರವಾಗುತ್ತದೆ. ಅಣ್ಣತಮ್ಮಂದಿರು ಪಾಲಾದರೆ ಆಮೇಲೆ ಬಂದ ಸೊಸೆ ಒಡೆದಳು ಎನ್ನುತ್ತೇವೆ. ಅವಳು ಹೊಸಿಲು ದಾಟುವ ಎಷ್ಟೋ ಮೊದಲೇ ಅವರಿಬ್ಬರು ಒಂದೇ ಪಂಕ್ತಿಯಲ್ಲಿ ಕೂತು ಮಾತಿಲ್ಲದೆ ಉಣ್ಣುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗ ಮನೆ ಬಿಟ್ಟು ಹೋದರೆ ಹಿಂದಿನ ರಾತ್ರಿಯ ಜಗಳವನ್ನೇ ಸಾವಿರ ಸಲ ಹೇಳುತ್ತೇವೆ. ಆಸ್ಪತ್ರೆಯಲ್ಲಿ ರೋಗಿ ಉಳಿಯದಿದ್ದರೆ ಆ ರಾತ್ರಿ ಪಾಳಿಯಲ್ಲಿದ್ದ ನರ್ಸು ಸಿಕ್ಕಿಬೀಳುತ್ತಾಳೆ. ಸಂಬಂಧಗಳು ಮುರಿಯುವುದು ಹೆಚ್ಚಾಗಿ ಜಗಳದಿಂದಲ್ಲ ಎಂದು ನಾನು ನಂಬುತ್ತೇನೆ. ಯಾರೂ ಏನೂ ಕೆಟ್ಟದ್ದು ಮಾಡದ, ಯಾರೂ ಏನನ್ನೂ ಮಾಡದ ವರ್ಷಗಳಿರುತ್ತವಲ್ಲ, ಹುಣ್ಣು ಬೀಳುವುದು ಆ ವರ್ಷಗಳಲ್ಲಿ. ಮಾಡಿದ್ದಕ್ಕೆ ಸಾಕ್ಷಿ ಇರುತ್ತದೆ, ಮಾಡದೆ ಬಿಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಸಾಕ್ಷಿ ಸಿಕ್ಕವನನ್ನು ಹಿಡಿಯುತ್ತೇವೆ.

ಬಿರುಕು ಹಳೆಯದೆಂದರೆ ಯಾರಿಗೂ ಹೊಣೆಯಿಲ್ಲ ಎಂದು ಅರ್ಥವಲ್ಲ. ಹೊಣೆ ಇದ್ದೇ ಇದೆ. ಅದನ್ನು ಹುಟ್ಟಿದ ಜಾಗಕ್ಕೆ ಹಿಂಬಾಲಿಸಿ ಹೋದಾಗ, ಅಲ್ಲಿ ನಮ್ಮದೇ ಮನೆಯ ಮಾಡು ಎದುರಾದರೂ ಮುಖ ತಿರುಗಿಸದಿರುವುದು ಕಷ್ಟದ ಕೆಲಸ. ಭಾವ ಅದನ್ನು ಮಾಡಿದರು. “ಹಾಗಾದ್ರೆ ನಾವೇ ಕೊಳೆಸಿದ್ದು” ಎಂದು ಅಲ್ಲೇ ಎಲ್ಲರೆದುರು ಹೇಳಿದರು. ಅವರ ಬಗ್ಗೆ ನನಗಿದ್ದ ಗೌರವ ಆ ಒಂದು ಮಾತಿಗೆ ಇಮ್ಮಡಿಯಾಯಿತು.

ಮೇಸ್ತ್ರಿ ಎಂಟೂ ವಾಲ್ವಿನ ಸ್ಪ್ರಿಂಗು ಬದಲಿಸಬೇಕೆಂದರು. ಹಿಂದೆ ಭಾವ ಪ್ಲಗ್ಗು ಕಾಯಿಲು ಬದಲಿಸಿದ್ದೂ ಇದೂ ಹೊರಗಿನಿಂದ ಒಂದೇ ಥರ ಕಾಣಬಹುದು. ಆದರೆ ಮೇಸ್ತ್ರಿ ತೆಗೆದ ಸ್ಪ್ರಿಂಗುಗಳನ್ನೆಲ್ಲ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ ಎತ್ತರ ನೋಡಿದರು, ಕೆಲವು ಕುಳ್ಳಗಾಗಿದ್ದವು. ಒಂದೊಂದನ್ನೂ ಬೆಳಕಿಗೆ ಹಿಡಿದು ತುಕ್ಕಿನ ಚುಕ್ಕೆ ತೋರಿಸಿದರು. ಎಲ್ಲವೂ ಅದೇ ಮಾಡಿನಲ್ಲಿ ಅದೇ ಮಳೆಗಾಲಗಳನ್ನು ಕಳೆದಿದ್ದವು. ಕಾರಣ ತಿಳಿದವನು ಎಂಟು ಬದಲಿಸಿದರೂ ಅದಕ್ಕೆ ಲೆಕ್ಕವಿದೆ. ಹೊಸ ಸ್ಪ್ರಿಂಗು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು.

ಕೂಲಿ ತೆಗೆದುಕೊಳ್ಳುವಾಗ ಮೇಸ್ತ್ರಿ ಹಳೆಯ ಸ್ಪ್ರಿಂಗನ್ನೂ ಚೂರನ್ನೂ ಬಟ್ಟೆಯಲ್ಲಿ ಕಟ್ಟಿ ಭಾವನವರ ಕೈಗಿತ್ತರು. “ಇದನ್ನ ಆ ಹುಡುಗನಿಗೆ ತೋರಿಸ್ಬೇಕು ಭಟ್ರೇ. ಅವ್ನ ಯಜಮಾನ್ರಿಗೂ. ಫೋನಲ್ಲಿ ಹೇಳ್ಬೇಡಿ, ಹೋಗಿ.”

ಭಾವ ಹೋದರು, ನಾನೂ ಜೊತೆಗಿದ್ದೆ. ಆ ರಾತ್ರಿಯ ಫೋನಿನ ಮರುದಿನದಿಂದಲೇ ಹುಡುಗನಿಗೆ ಎಂಜಿನ್ ಕೆಲಸ ಮುಟ್ಟಲು ಬಿಡುತ್ತಿರಲಿಲ್ಲ. ನಾವು ಹೋದಾಗ ಅವನು ಒಂದು ಜೀಪಿನ ಚಕ್ರ ಕಳಚಿಕೊಂಡು ಪಂಕ್ಚರ್ ಹಾಕುತ್ತಿದ್ದ. ಇಪ್ಪತ್ತು ದಾಟಿರಲಿಲ್ಲ. ಭಾವ ಅವನನ್ನೂ ಯಜಮಾನರನ್ನೂ ಬೆಂಚಿನ ಹತ್ತಿರ ಕರೆದು, ಚೂರನ್ನು ಸ್ಪ್ರಿಂಗಿಗೆ ಕೂಡಿಸಿ ತೋರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿ, “ನಿಂದೇನೂ ತಪ್ಪಿಲ್ಲ ಮಾರಾಯ, ನಾನು ಸುಮ್ಮನೆ ನಿನ್ನ ಮೇಲೆ ಹೊರಿಸಿದೆ” ಎಂದರು. ಹುಡುಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸ್ಪ್ರಿಂಗನ್ನು ತೆಗೆದುಕೊಂಡ. ಮುರಿದ ಮುಖವನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಯಾವ ಸಿಲಿಂಡರಿನದು ಎಂದು ಕೇಳಿದ. ಮೂರನೆಯದು, ಎಕ್ಸಾಸ್ಟು ಎಂದೆ. ಟ್ಯಾಪೆಟ್ ಹೊಂದಿಸುವಾಗ ಆ ವಾಲ್ವಿನ ಹತ್ತಿರ ತನಗೆ ಏನಾದರೂ ಕಾಣಬೇಕಿತ್ತೇ ಎಂದು ಅವನು ಯಜಮಾನರನ್ನು ಕೇಳಿದ. ಯಜಮಾನರು ಸ್ಪ್ರಿಂಗಿನ ಕೆಳಸುತ್ತು ಕೆಸರಿನೊಳಗೆ ಹೇಗೆ ಮುಚ್ಚಿರುತ್ತದೆ ಎಂದು ಅವನಿಗೆ ಕೈಯಲ್ಲಿ ತೋರಿಸಿ ವಿವರಿಸಿದರು.

ಈಗ ಅವನು ಮತ್ತೆ ಎಂಜಿನ್ ಕೆಲಸ ಮಾಡುತ್ತಿದ್ದಾನೆ. ಆದರೆ ಹೋಟೆಲಿನಲ್ಲಿ ಆ ಸಂಜೆ ಹೊರಟ ಮಾತು ಪೇಟೆಯಲ್ಲಿ ಇನ್ನೂ ಪೂರ್ತಿ ಅಡಗಿಲ್ಲ. ಕೆಲವರು ಅವನನ್ನು ‘ವಾಶರ್ ಹುಡುಗ’ ಎಂದು ಕರೆಯುವುದುಂಟು. ಭಾವನವರ ಕಿವಿಗೆ ಬಿದ್ದರೆ, ಸೊಸೈಟಿಯ ಜಗಲಿಯಾಗಲಿ ಮದುವೆ ಮನೆಯ ಪಂಕ್ತಿಯಾಗಲಿ, ಹಾಗೆಂದವರನ್ನು ನಿಲ್ಲಿಸಿ ಮಾಡಿನಲ್ಲಿ ಗಾಡಿ ನಿಂತ ವರ್ಷಗಳಿಂದ ಹಿಡಿದು ಪೂರ್ತಿ ಹೇಳುತ್ತಾರೆ. ಕೇಳುವವರಿಗೆ ಪುರುಸೊತ್ತು ಇಲ್ಲದಿದ್ದರೂ ಹೇಳಿ ಮುಗಿಸಿಯೇ ಬಿಡುತ್ತಾರೆ.